ಫ್ಯಾನು ತಿರುಗುತ್ತದೆ, ಹೊಗೆ ಏಕೆ ಹೋಗುವುದಿಲ್ಲ?

ಸಂಜೆ ಐದರ ಸುಮಾರಿಗೆ ಕುಂದಗೋಳ, ನವಲಗುಂದ, ಅಣ್ಣಿಗೇರಿ, ಕಲಘಟಗಿ ಇವುಗಳಲ್ಲಿ ಯಾವ ಊರಿನ ಬಸ್ ನಿಲ್ದಾಣದ ಬಳಿ ನಿಂತರೂ ಮಿರ್ಚಿ ಭಜಿಯ ವಾಸನೆ ನಮ್ಮನ್ನು ಕರೆಯುತ್ತದೆ. ತಿನ್ನುವವರಿಗೆ ಅದು ಘಮ. ಒಳಗೆ ಬಾಣಲೆಯ ಮುಂದೆ ನಿಂತವನಿಗೆ ಅದೇ ಘಾಟು. ಅವನ ತಲೆಯ ಮೇಲೆ, ಗೋಡೆಯ ಕಿಂಡಿಯಲ್ಲಿ, ಜಿಡ್ಡು ಹಿಡಿದು ಕಪ್ಪಾದ ಎಕ್ಸಾಸ್ಟ್ ಫ್ಯಾನೊಂದು ಗರಗರ ಸದ್ದು ಮಾಡುತ್ತಿರುತ್ತದೆ. ಆದರೂ ಅವನ ಕಣ್ಣು ಕೆಂಪಾಗಿವೆ, ಕೆಮ್ಮು ನಿಂತಿಲ್ಲ. ಮಾಲೀಕರನ್ನು ಕೇಳಿದರೆ, "ಫ್ಯಾನ್ ಹಾಕ್ಸೇವಲ್ರೀ, ದಿನಾಪೂರ್ತಿ ತಿರಗತೈತಿ" ಎನ್ನುತ್ತಾರೆ. ತಿರುಗುವುದು ಬೇರೆ, ಗಾಳಿಯನ್ನು ಹೊರಗೆ ಹಾಕುವುದು ಬೇರೆ.

ಇದು ಹೋಟೆಲಿನವರ ಚಿಂತೆ, ಶಾಲಾ ಮಕ್ಕಳಿಗೂ ಪಾಲಕರಿಗೂ ಇದರಿಂದ ಆಗಬೇಕಾದ್ದೇನು ಎನ್ನಬಹುದು. ನಮ್ಮ ಕಡೆ ಖಾನಾವಳಿಗಳನ್ನು ನಡೆಸುವುದು ಬಹುಪಾಲು ಮನೆಯವರೇ ಸೇರಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲೇ ಕುಳಿತು ಓದುತ್ತಾರೆ. 2002ರಲ್ಲಿ ಈಶಾನ್ಯ ಕರ್ನಾಟಕದ 7 ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟ ಮರುವರ್ಷ ನಮ್ಮ ಕಡೆಗೂ ಬಂದಿತು. ಅಂದಿನಿಂದ ಶಾಲೆಯ ಅಂಗಳದಲ್ಲೇ ನೂರಾರು ಮಕ್ಕಳಿಗೆ ಅಡುಗೆಯಾಗುತ್ತಿದೆ. ಅಡುಗೆ ಮಾಡುವವರು ಮಕ್ಕಳ ತಾಯಂದಿರೇ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ತನ್ನ 95ನೆಯ ಸಂಪುಟದಲ್ಲಿ, ಹೆಚ್ಚಿನ ಉಷ್ಣತೆಯಲ್ಲಿ ಕರಿಯುವಾಗ ಏಳುವ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗದಲ್ಲಿ ಸೇರಿಸಿದೆ. ಸೌದೆಯ ಹೊಗೆಯೂ ಅದೇ ವರ್ಗದಲ್ಲಿದೆ. ಸೌದೆ ಬಿಟ್ಟು ಗ್ಯಾಸಿಗೆ ಬಂದೆವು, ಇನ್ನು ಹೊಗೆಯಿಲ್ಲ ಎಂದುಕೊಂಡವರು ಇದನ್ನು ಗಮನಿಸಬೇಕು. ಗ್ಯಾಸಿನ ಉರಿಗೆ ಹೊಗೆ ಇರಲಿಕ್ಕಿಲ್ಲ, ಕಾದ ಎಣ್ಣೆಗೆ ಇದ್ದೇ ಇದೆ.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಹಳೆಯ ಪತ್ರಿಕೆಯಿಂದ ಎರಡು ಬೆರಳು ಅಗಲದ, ಒಂದು ಗೇಣು ಉದ್ದದ ಪಟ್ಟಿಯನ್ನು ಹರಿದು, ಉದ್ದ ಕೋಲಿನ ತುದಿಗೆ ಅಂಟಿಸಿ. ಫ್ಯಾನು ನಡೆಯುತ್ತಿರುವಾಗ ಅದರಿಂದ ಒಂದು ಮೊಳ ದೂರದಲ್ಲಿ ಹಿಡಿಯಿರಿ. ಪಟ್ಟಿ ಫ್ಯಾನಿನ ಕಡೆ ಚೆನ್ನಾಗಿ ಸೆಳೆದುಕೊಂಡರೆ ಅದು ಕೆಲಸ ಮಾಡುತ್ತಿದೆ. ಜೋತುಬಿದ್ದರೆ ಇಲ್ಲ. ನಿಮ್ಮ ಕಡೆಗೇ ಹಾರಿದರೆ, ಅದರ ಕಥೆಯನ್ನು ಮುಂದೆ ಹೇಳುತ್ತೇನೆ. ಆಮೇಲೆ ಒಲೆ ಆರಿದ್ದಾಗ ಅದರ ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿ, ಹೊಗೆ ಯಾವ ದಾರಿ ಹಿಡಿಯುತ್ತದೆ ಎಂದು ನೋಡಿ. ಫ್ಯಾನಿನ ಬಳಿ ಪಟ್ಟಿ ಸೆಳೆಯುತ್ತಿದ್ದು, ಒಲೆಯ ಬಳಿ ಹೊಗೆ ಅಲ್ಲೇ ಸುತ್ತುತ್ತಿದ್ದರೆ ದೋಷ ಫ್ಯಾನಿನದಲ್ಲ, ಕೋಣೆಯದು.

ಇಪ್ಪತ್ನಾಲ್ಕು ಚೀಲ ಗಾಳಿ

ಈ ಕೋಣೆಯ ದೋಷವೇ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಆದರೆ ರಿಪೇರಿಗೆ ಬಂದವರು ಕೋಣೆಯನ್ನು ನೋಡುವುದೇ ಇಲ್ಲ. 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಅಡುಗೆಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. ಅದರ ಗಾತ್ರ 72 ಘನ ಮೀಟರ್. ಧಾರವಾಡ ಜಿಲ್ಲೆಯ ಎತ್ತರದಲ್ಲಿ, ಬೇಸಿಗೆಯ ಸೆಕೆಯಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.1 ಕಿಲೊ ತೂಗುತ್ತದೆ. ಅಂದರೆ ಆ ಕೋಣೆಯಲ್ಲಿ ಸುಮಾರು 80 ಕಿಲೊ ಗಾಳಿ ಇದೆ. ದೊಡ್ಡ ಒಲೆಗಳ ಅಡುಗೆಮನೆಯ ಗಾಳಿ ಗಂಟೆಗೆ 30 ಸಲ ಬದಲಾಗಬೇಕು ಎಂದು ಇಟ್ಟುಕೊಂಡರೆ, ಫ್ಯಾನು ಗಂಟೆಗೆ 2,160 ಘನ ಮೀಟರ್, ತೂಕದಲ್ಲಿ 2,400 ಕಿಲೊಗೆ ಹತ್ತಿರ, ಗಾಳಿಯನ್ನು ಹೊರಹಾಕಬೇಕಾಯಿತು. ಕ್ವಿಂಟಲ್ ಚೀಲದ ಲೆಕ್ಕದಲ್ಲಿ 24 ಚೀಲ ಜೋಳದಷ್ಟು!

ಹೊರಗೆ ಹೋದ 24 ಚೀಲಕ್ಕೆ ಬದಲಾಗಿ ಒಳಗೆ 24 ಚೀಲ ಬರಲೇಬೇಕಲ್ಲವೆ? ಎಲ್ಲಿಂದ ಬರಬೇಕು? ನೊಣ ಬರುತ್ತವೆಂದು ಬಾಗಿಲು ಹಾಕಿದೆ, ಧೂಳು ಬರುತ್ತದೆಂದು ಕಿಟಕಿ ಮುಚ್ಚಿದೆ. ಆಗ ಕೋಣೆಯ ಒತ್ತಡ ಸ್ವಲ್ಪ ಇಳಿಯುತ್ತದೆ, ಫ್ಯಾನು ಇದ್ದ ಗಾಳಿಯನ್ನೇ ಕಡೆಯುತ್ತಾ ಇರುತ್ತದೆ. ಹೊರಗೆ ತೆರೆಯುವ ಬಾಗಿಲು ಎಳೆದಂತೆ ಬಿಗಿಯುತ್ತಿದ್ದರೆ, ಒಳಗೆ ತೆರೆಯುವ ಬಾಗಿಲು ತಾನಾಗಿ ದಬ್ಬಿಕೊಂಡು ಬರುತ್ತಿದ್ದರೆ ಇದೇ ಕಾರಣ. ಇನ್ನೊಂದು ಫ್ಯಾನು ಹಾಕಿಸಿದರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ಕಿಟಕಿ ತೆರೆದಿದ್ದರೂ ಅದು ಫ್ಯಾನಿನ ಪಕ್ಕದಲ್ಲೇ ಇದ್ದರೆ ಮತ್ತೆ ತೊಂದರೆ. ಗಾಳಿ ಹತ್ತಿರದ ದಾರಿ ಹಿಡಿಯುತ್ತದೆ: ಕಿಟಕಿಯಿಂದ ಬಂದು ಫ್ಯಾನಿನಲ್ಲಿ ಹೋಗುತ್ತದೆ, ಒಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಫ್ಯಾನಿನ ಬದಿಯ ಕಿಟಕಿ ಮುಚ್ಚಿ, ಎದುರು ಗೋಡೆಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಜಾಲರಿ ಹಾಕಿದ ಕಿಂಡಿ ಬಿಡಿಸಬೇಕು. ಆಗ ಹೊಸ ಗಾಳಿ ಒಲೆಯನ್ನು ದಾಟಿ ಹೋಗುತ್ತದೆ. ಇದಕ್ಕೆ ತಗಲುವುದು ಗೌಂಡಿಯ ಅರ್ಧ ದಿನದ ಕೂಲಿ.

ಮಳೆಗಾಲದಲ್ಲಿ, ಮುಖ್ಯವಾಗಿ ಕಲಘಟಗಿಯ ಕಡೆ, ಪಡುವಣ ಗಾಳಿಯ ಕಾಟವೂ ಉಂಟು. ಗಂಟೆಗೆ 36 ಕಿಲೊಮೀಟರ್ ವೇಗದ ಗಾಳಿ ಗೋಡೆಗೆ ಬಡಿದರೆ ಸುಮಾರು 55 ಪ್ಯಾಸ್ಕಲ್ ಒತ್ತಡ ಹಾಕುತ್ತದೆ. ನೀರಿನ ಕಂಬದ ಲೆಕ್ಕದಲ್ಲಿ ಅದು ಐದಾರು ಮಿಲಿಮೀಟರ್ ಮಾತ್ರ. ಆದರೆ ಗೋಡೆಯ ಸಾಮಾನ್ಯ ಫ್ಯಾನಿನ ಬಲವೂ ಹೆಚ್ಚೂಕಡಿಮೆ ಅಷ್ಟೇ. ಪಶ್ಚಿಮದ ಗೋಡೆಯಲ್ಲಿ ಕೂಡಿಸಿದ ಫ್ಯಾನು ಜೂನ್‌ನಿಂದ ಸೋಲುತ್ತದೆ. ಅದನ್ನು ಪೂರ್ವದ ಗೋಡೆಗೆ ಸಾಗಿಸಬೇಕು, ಇಲ್ಲವೆ ಹೊರಗೆ ಕೆಳಮುಖದ ತಗಡಿನ ಕೊಡೆ ಹಾಕಿಸಬೇಕು.

ಜಿಡ್ಡು ಎಂದರೆ ವಾರ್ನಿಷ್

ಕೋಣೆ ಸರಿಯಿದ್ದೂ ಪಟ್ಟಿ ಜೋತುಬಿದ್ದರೆ ಆಗ ಫ್ಯಾನಿನತ್ತ ತಿರುಗೋಣ. ಹೊರಗಿನ ತಗಡಿನ ರೆಕ್ಕೆಗಳು ಜಿಡ್ಡಿನಿಂದ ಅಂಟಿಕೊಂಡು ತೆರೆಯದೇ ಇರಬಹುದು. ಗುಬ್ಬಿ ಬಾರದಿರಲೆಂದು ಹಾಕಿದ ಜಾಲರಿಯಲ್ಲಿ ಅಣ್ಣಿಗೇರಿ, ನವಲಗುಂದದ ಕಡೆ ಎರೆಮಣ್ಣಿನ ಧೂಳೂ ಹತ್ತಿಯ ಎಳೆಗಳೂ ಸೇರಿ ಕಂಬಳಿಯಂತಾಗಿರುವುದುಂಟು.

ಈ ಜಿಡ್ಡು ಒರೆಸಿದರೆ ಹೋಗುವುದಿಲ್ಲ, ಏಕೆ? ಬಡಿಗೇರರು ಬಾಗಿಲಿಗೆ ಅಗಸೆ ಎಣ್ಣೆ ಬಳಿಯುವುದನ್ನು ನೋಡಿದ್ದೀರಿ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿ ಪೊರೆಯಾಗುತ್ತದೆ. ನಮ್ಮ ಎರೆಹೊಲದ ಕುಸುಬೆಯ ಎಣ್ಣೆಗೂ ಈ ಗುಣವಿದೆ, ಸೂರ್ಯಕಾಂತಿಗೂ ಅಷ್ಟಿಷ್ಟು ಇದೆ. ಬಾಣಲೆಯಿಂದ ಎದ್ದ ಎಣ್ಣೆಯ ಸೂಕ್ಷ್ಮ ಹನಿಗಳು ರೆಕ್ಕೆಯ ಮೇಲೆ ಮಾಡುವುದೂ ಅದನ್ನೇ. ವಾರಕ್ಕೊಮ್ಮೆ ತೊಳೆದರೆ ಅದು ಇನ್ನೂ ಎಣ್ಣೆ. ಆರು ತಿಂಗಳು ಬಿಟ್ಟರೆ ವಾರ್ನಿಷ್. ಕಬ್ಬಿಣದ ಭಾಗಗಳನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿದರೆ ಜಿಡ್ಡಿನ ಒಂದಂಶ ಸಾಬೂನಾಗಿ ಬಿಡುತ್ತದೆ. ಅಲ್ಯುಮಿನಿಯಂ ರೆಕ್ಕೆಗೆ ಮಾತ್ರ ಸೋಡಾ ಬೇಡ. ಕಾಸ್ಟಿಕ್ ಸೋಡಾ ಅಂತೂ ಕೂಡದು. ಅದು ಲೋಹವನ್ನೇ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ಬಿಸಿನೀರು ಸಾಕು. ಮೋಟಾರಿಗೆ ನೀರು ತಾಗಬಾರದೆಂದು ಬೇರೆ ಹೇಳಬೇಕಿಲ್ಲ.

ಜಿಡ್ಡು ಮೂರು ರೆಕ್ಕೆಗಳ ಮೇಲೂ ಸಮನಾಗಿ ಕೂಡುವುದಿಲ್ಲ. ಮಧ್ಯದಿಂದ 15 ಸೆಂಟಿಮೀಟರ್ ದೂರದಲ್ಲಿ, ಒಂದೇ ರೆಕ್ಕೆಯ ಮೇಲೆ 20 ಗ್ರಾಂ ಜಿಡ್ಡು ಹೆಚ್ಚಿದೆ ಎನ್ನಿ. ನಿಮಿಷಕ್ಕೆ 1,400 ಸುತ್ತಿನಲ್ಲಿ ಅದು ದಂಡವನ್ನು ಎಳೆಯುವ ಬಲ ಸುಮಾರು 64 ನ್ಯೂಟನ್. ಆರೂವರೆ ಕಿಲೊ ಕಲ್ಲನ್ನು ದಂಡಕ್ಕೆ ಕಟ್ಟಿ ಸೆಕೆಂಡಿಗೆ 23 ಸಲ ದಿಕ್ಕು ಬದಲಿಸಿ ಜಗ್ಗಿದ ಹಾಗೆ. (ಹತ್ತನೆಯ ತರಗತಿ ದಾಟಿದವರು ಲೆಕ್ಕ ಮಾಡಿ ನೋಡಬಹುದು.) ಗರಗರ ಸದ್ದು ಹುಟ್ಟುವುದು ಇಲ್ಲಿಂದ. ಮೊದಲು ಬುಷ್ ಸವೆಯುತ್ತದೆ. ಕರೆಂಟು ತೆಗೆದು ದಂಡವನ್ನು ಮೇಲೆ ಕೆಳಗೆ ಅಲುಗಾಡಿಸಿದಾಗ ಲಟಲಟ ಎಂದರೆ ಬುಷ್ ಹೋಗಿದೆ. ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಬೇಕು. ಕೈಗೆ ಸಿಕ್ಕಿತೆಂದು ಅಡುಗೆ ಎಣ್ಣೆ ಹಾಕಿದರೆ ಅದೂ ಕೆಲವು ವಾರಗಳಲ್ಲಿ ವಾರ್ನಿಷ್ ಆಗುತ್ತದೆ. ಮುಚ್ಚಿದ ಬಾಲ್ ಬೇರಿಂಗ್ ಇದ್ದರೆ ಎಣ್ಣೆಯೇ ಬೇಡ.

ಗುಂಯ್ ಎನ್ನುತ್ತದೆ, ಏಳುವುದಿಲ್ಲ

ಸ್ವಿಚ್ ಹಾಕಿದರೆ ಗುಂಯ್ ಎಂದು ನಿಂತೇ ಇರುತ್ತದೆ, ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಇದು ಕೆಪಾಸಿಟರಿನ ರೋಗ. ಸಿಂಗಲ್ ಫೇಸ್ ಮೋಟಾರಿಗೆ ತಾನಾಗಿ ದಿಕ್ಕು ಹಿಡಿಯಲು ಬರುವುದಿಲ್ಲ. ಎರಡನೆಯ ಸುರುಳಿಯ ವಿದ್ಯುತ್ತನ್ನು ಸ್ವಲ್ಪ ಹಿಂದುಮುಂದು ಮಾಡಿ ದಾರಿ ತೋರಿಸುವುದು ಈ ಡಬ್ಬಿ. ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆಯದನ್ನೇ ಹಾಕಿಸಬೇಕು. ಕರೆಂಟು ತೆಗೆದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಈ ಕೆಲಸ ಬಲ್ಲವರದು. ಕೆಪಾಸಿಟರ್ ಬದಲಿಸಿದರೂ ಏಳದಿದ್ದರೆ ವೋಲ್ಟೇಜ್ ನೋಡಿಸಿ. ಮೋಟಾರಿನ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ: 230ರ ಬದಲು 180 ವೋಲ್ಟ್ ಬಂದರೆ ಬಲ ಶೇಕಡಾ 61ಕ್ಕೆ ಇಳಿಯುತ್ತದೆ.

ಪಟ್ಟಿ ನಿಮ್ಮ ಕಡೆಗೇ ಹಾರಿದರೆ ಎಂದಿದ್ದೆನಲ್ಲ. ಅದು ತ್ರೀ ಫೇಸ್ ಫ್ಯಾನಿನ ವಿಚಾರ. ಟ್ರಾನ್ಸ್‌ಫಾರ್ಮರ್ ಬದಲಾದ ಮೇಲೆ ಪಂಪ್‌ಸೆಟ್ಟು ಉಲ್ಟಾ ತಿರುಗಿದ್ದನ್ನು ನೋಡದ ರೈತರಿಲ್ಲ. ಮೂರರಲ್ಲಿ ಯಾವುದಾದರೂ ಎರಡು ತಂತಿ ಅದಲುಬದಲಾದರೆ ಮೋಟಾರಿನ ದಿಕ್ಕು ತಿರುಗುತ್ತದೆ. ರೆಕ್ಕೆಯ ಫ್ಯಾನಾದರೆ ಹೊಗೆಯನ್ನು ಒಳಗೇ ಊದುತ್ತದೆ, ಕೂಡಲೇ ತಿಳಿಯುತ್ತದೆ. ಮೋಸ ಮಾಡುವುದು ಕಲ್ಯಾಣ ಮಂಟಪಗಳ ಅಡುಗೆಮನೆಯಲ್ಲಿರುವ ಬಸವನಹುಳು ಆಕಾರದ ಬ್ಲೋವರ್. ಅದು ಉಲ್ಟಾ ತಿರುಗಿದರೂ ಗಾಳಿಯನ್ನು ಹೊರಗೇ ತಳ್ಳುತ್ತದೆ, ಆದರೆ ಬಹಳ ಕಡಿಮೆ. ಬಾವಿಯ ಪಂಪು ಉಲ್ಟಾ ತಿರುಗಿದಾಗಲೂ ನೀರು ಸಣ್ಣಗೆ ಬರುತ್ತಿರುವಂತೆಯೇ. ಮೈಮೇಲಿನ ಬಾಣದ ಗುರುತಿಗೆ ತಾಳೆ ನೋಡಿ, ಎರಡು ತಂತಿ ಬದಲಿಸಿದರಾಯಿತು.

ಇನ್ನು ಅಪಾಯದ ಮಾತು. ನಮ್ಮ ಕಡೆ ಕರೆಂಟು ಹೋದಾಗ, ಹೇಗೂ ಫ್ಯಾನು ನಿಂತಿದೆಯಲ್ಲ ಎಂದು ಒರೆಸಲು ಕೈ ಹಾಕುವ ರೂಢಿಯಿದೆ. ಕರೆಂಟು ಹೇಳಿ ಬರುವುದಿಲ್ಲ. ಕಾದು ನಿಂತ ಮೋಟಾರೂ ಕೆಲವೊಮ್ಮೆ ತಣ್ಣಗಾದ ಕೂಡಲೇ ತಾನಾಗಿ ಏಳುತ್ತದೆ. ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಂಡೇ ಏಣಿ ಹತ್ತಬೇಕು. ಮಕ್ಕಳು ಕಾಗದದ ಪಟ್ಟಿಯ ಪರೀಕ್ಷೆ ಮಾಡಲಿ, ಲೆಕ್ಕ ಹಾಕಲಿ, ಏಣಿ ಹತ್ತುವುದು ಬೇಡ.

ಗ್ಯಾಸಿನ ವಾಸನೆ ಬಂದಾಗ ಎಕ್ಸಾಸ್ಟ್ ಫ್ಯಾನು ಹಾಕಬಾರದು. ಬಹಳ ಜನ ಮೊದಲು ಮಾಡುವುದೇ ಅದನ್ನು. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲದ ಮೇಲೆ ನೀರಿನಂತೆ ಹರಡಿರುತ್ತದೆ. ಎತ್ತರದ ಫ್ಯಾನಿಗೆ ಅದು ಬೇಗ ಸಿಗುವುದಿಲ್ಲ, ಸ್ವಿಚ್ಚಿನ ಕಿಡಿ ಮಾತ್ರ ಅದಕ್ಕೆ ಸಿಕ್ಕೀತು. ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟು ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ನೆಲಮಟ್ಟದ ಆ ಜಾಲರಿ ಕಿಂಡಿ ಈ ಹೊತ್ತಿಗೂ ಕೆಲಸಕ್ಕೆ ಬರುತ್ತದೆ.

ಬಾಣಲೆಗೇ ಬೆಂಕಿ ಹತ್ತಿದರೆ ನೀರು ಸುರಿಯಬಾರದು. ನೀರು ಒಮ್ಮೆಲೇ ಉಗಿಯಾಗಿ ಉರಿಯುವ ಎಣ್ಣೆಯನ್ನು ಚಿಮ್ಮಿಸುತ್ತದೆ. ಗ್ಯಾಸ್ ಬಂದ್ ಮಾಡಿ, ಕಬ್ಬಿಣದ ಮುಚ್ಚಳ ಮುಚ್ಚಿ, ಗೋಡೆಯ ಫ್ಯಾನನ್ನು ಆರಿಸಬೇಕು. ಇಲ್ಲದಿದ್ದರೆ ಅದು ಜ್ವಾಲೆಯನ್ನು ತನ್ನ ಕಡೆ ಸೆಳೆಯುತ್ತದೆ. ಆರು ತಿಂಗಳ ಜಿಡ್ಡು ಅಲ್ಲಿ ಒಣಗಿ ಕಾದಿರುತ್ತದೆ. ಈ ಕಾರಣಕ್ಕೇ ಫ್ಯಾನಿನ ಸ್ವಿಚ್ಚು ಒಲೆಯ ಹಿಂದಿನ ಗೋಡೆಯಲ್ಲಿ ಇರಬಾರದು. ಅಡುಗೆಮನೆಯ ಬಾಗಿಲ ಹೊರಗೆ, ಕೈಗೆಟಕುವಂತೆ ಇರಬೇಕು.