ವಿಕಿಯ ಪೂರ್ವಪಾಠಗಳ ರಕ್ಷಣೆ

ವಿಕಿಪೀಡಿಯದ ಯಾವ ಪುಟವನ್ನು ತೆರೆದರೂ ಅದರ ನೆತ್ತಿಯಲ್ಲಿ ಆ ಪುಟದ ಇತಿಹಾಸಕ್ಕೆ ಕರೆದೊಯ್ಯುವ ಕೊಂಡಿಯೊಂದು ಇರುತ್ತದೆ. ಅದನ್ನು ಒತ್ತಿದವರಿಗೆ, ಲೇಖನವನ್ನು ಮೊದಲು ಬರೆದವರು ಯಾರು, ತರುವಾಯ ಯಾವ ದಿನ ಯಾವ ಗಳಿಗೆಯಲ್ಲಿ ಯಾರು ಬಂದು ಯಾವ ವಾಕ್ಯವನ್ನು ಸೇರಿಸಿದರು, ಯಾರು ಅದನ್ನು ಕಿತ್ತುಹಾಕಿದರು, ಮತ್ತಾರು ಬಂದು ಸರಿಪಡಿಸಿದರು ಎಂಬ ಸಮಸ್ತ ವೃತ್ತಾಂತವೂ ಸಾಲುಸಾಲಾಗಿ ಗೋಚರಿಸುತ್ತದೆ. ಬಂದವರೆಲ್ಲರಿಗೂ ತಿದ್ದುವ ಅಧಿಕಾರವನ್ನಿತ್ತ ವಿಶ್ವಕೋಶವೊಂದು ಅಳಿಯದೆ ಬೆಳೆದುನಿಂತಿರುವುದಕ್ಕೆ ಈ ದಾಖಲೆಯೇ ಮುಖ್ಯ ಕಾರಣವೆಂದು ನನ್ನ ಭಾವನೆ. ಏಕೆಂದರೆ ಕೆಡಿಸಿದ ಪುಟವನ್ನು ಹಿಂದಿನ ಸ್ಥಿತಿಗೆ ತರುವುದು ಕ್ಷಣಮಾತ್ರದ ಕೆಲಸ, ಮತ್ತು ಸಂಭಾವನೆಯಿಲ್ಲದೆ ದುಡಿದ ಲೇಖಕರಿಗೆ ಸಲ್ಲಬೇಕಾದ ಶ್ರೇಯಸ್ಸು ಬರೆದಿಡಲ್ಪಟ್ಟಿರುವುದೂ ಅಲ್ಲಿಯೇ. ಆದುದರಿಂದ ವಿಕಿಯ, ಅಂದರೆ ಓದುಗರೇ ತಿದ್ದಬಲ್ಲ ಇಂಥ ತಾಣವೊಂದರ, ಬ್ಯಾಕಪ್ ಎಂದರೆ ಇಂದು ಕಣ್ಣಿಗೆ ಕಾಣುವ ಪುಟಗಳ ನಕಲನ್ನು ಎತ್ತಿಡುವುದಷ್ಟೇ ಆದರೆ ಸಾಲದು. ಪ್ರತಿಯೊಂದು ಪೂರ್ವಪಾಠವೂ ಅದನ್ನು ಬರೆದವರ ಹೆಸರಿನೊಡನೆ ಉಳಿಯಬೇಕು.

ಈ ಮಾತಿನ ಗುರುತ್ವವನ್ನು ವಿಕಿಪೀಡಿಯವೇ ತನ್ನ ಬಾಲ್ಯದಲ್ಲಿ ಅನುಭವಿಸಿತು. 2001ರ ಜನವರಿ 15ರಂದು ಅದು ಆರಂಭವಾದಾಗ ಬಳಕೆಯಲ್ಲಿದ್ದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶವು ಹಳೆಯ ಪಾಠಗಳನ್ನು ಕೆಲಕಾಲ ಇರಿಸಿಕೊಂಡು ಆಮೇಲೆ ತಾನಾಗಿಯೇ ಕಳೆದುಬಿಡುತ್ತಿತ್ತು. ಮ್ಯಾಗ್ನಸ್ ಮಾನ್ಸ್ಕೆ ಎಂಬವರು ರಚಿಸಿಕೊಟ್ಟ, ದತ್ತಸಂಚಯವನ್ನು ಆಧರಿಸಿದ ಹೊಸ ತಂತ್ರಾಂಶವು ಮುಂದಿನ ವರ್ಷ ಬಳಕೆಗೆ ಬಂದಿತಾದರೂ, ಅಷ್ಟರಲ್ಲಿ ಮೊದಲ ತಿಂಗಳುಗಳ ತಿದ್ದುಪಡಿಗಳಲ್ಲಿ ಬಹುಪಾಲು ನಷ್ಟವಾಗಿದ್ದವು. ವರ್ಷಗಳ ಕಾಲ ಎಲ್ಲರೂ ಅವುಗಳ ಆಸೆಯನ್ನು ಬಿಟ್ಟಿದ್ದರು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ತಂತ್ರಜ್ಞರು ಹಳೆಯ ಕಡತಗಳನ್ನು ಶೋಧಿಸುತ್ತಿದ್ದಾಗ, ಅದುಮಿಟ್ಟ ಕಡತವೊಂದರೊಳಗೆ 2001ರ ಫೆಬ್ರವರಿ, ಮಾರ್ಚ್ ಮತ್ತು ಆಗಸ್ಟ್ ತಿಂಗಳುಗಳ ಮೂರು ಸಂಪೂರ್ಣ ಬ್ಯಾಕಪ್‌ಗಳು ದೊರೆತವು. ಯಾರೋ ಎಂದೋ ತೆಗೆದಿರಿಸಿದ್ದ ಆ ಪ್ರತಿಗಳಿಂದ ವಿಶ್ವಕೋಶದ ಶೈಶವವು ಮರಳಿ ಓದಲಿಕ್ಕೆ ಸಿಕ್ಕಿತು. ಜೋಸೆಫ್ ರೀಗಲ್ ಎಂಬ ವಿದ್ವಾಂಸರು ಅವುಗಳಿಂದ ಮೊದಲ ಹತ್ತು ಸಾವಿರ ತಿದ್ದುಪಡಿಗಳನ್ನು ಪುನಾರಚಿಸಿ ಓದುಗರ ಮುಂದಿಟ್ಟರು.

ಇಂದಿನ ವಿಕಿಯ ಒಳರಚನೆಯನ್ನು ತಿಳಿಯಬೇಕಾದರೆ ವಿಕಿಪೀಡಿಯವನ್ನು ನಡೆಸುತ್ತಿರುವ, ಸಣ್ಣಪುಟ್ಟ ಸಂಸ್ಥೆಗಳೂ ಉಚಿತವಾಗಿ ಬಳಸುತ್ತಿರುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ನೋಡಬೇಕು. ಅದರ ದತ್ತಸಂಚಯದಲ್ಲಿ ಪುಟಗಳಿಗೊಂದು ಕೋಷ್ಟಕ, ಪರಿಷ್ಕರಣೆಗಳಿಗೊಂದು ಕೋಷ್ಟಕ, ಪಾಠಗಳಿಗೊಂದು ಕೋಷ್ಟಕ ಉಂಟು. ಪುಟಗಳ ಕೋಷ್ಟಕದಲ್ಲಿ ಲೇಖನದ ಒಂದಕ್ಷರವೂ ಇರುವುದಿಲ್ಲ. ಪುಟದ ಹೆಸರು ಮತ್ತು ಅದರ ಇತ್ತೀಚಿನ ಪರಿಷ್ಕರಣೆಯ ಸಂಖ್ಯೆ ಮೊದಲಾದ ವಿವರಗಳು ಮಾತ್ರ ಅಲ್ಲಿರುತ್ತವೆ. ಅಲ್ಪವಿರಾಮವೊಂದನ್ನು ತಿದ್ದಿದರೂ ಇಡಿಯ ಪಾಠವು ಹೊಸದಾಗಿ ದಾಖಲಾಗಿ, ಪುಟದ ಸೂಚಕವು ಹೊಸ ಸಂಖ್ಯೆಯತ್ತ ತಿರುಗುತ್ತದೆ. ಹಳೆಯದು ತನ್ನ ಸ್ಥಳದಲ್ಲಿಯೇ ಇರುತ್ತದೆ. ಈ ದತ್ತಸಂಚಯದ ಹೊರಗೆ, ಚಿತ್ರಗಳೂ ಇತರ ಕಡತಗಳೂ ಇರುವ ಕೋಶವೊಂದು, ಮತ್ತು ವಿಕಿಯ ಹೆಸರು, ಭಾಷೆ, ದತ್ತಸಂಚಯದ ಗುಪ್ತಪದ ಇತ್ಯಾದಿಗಳನ್ನು ಹೊತ್ತ ಸಂಯೋಜನಾ ಕಡತವೊಂದು. ದತ್ತಸಂಚಯವನ್ನು ಮಾತ್ರ ಕಾಪಾಡಿದವರಿಗೆ ಚಿತ್ರಗಳ ಹೆಸರುಗಳು ಉಳಿಯುತ್ತವೆ, ಚಿತ್ರಗಳು ಉಳಿಯುವುದಿಲ್ಲ.

ಬ್ಯಾಕಪ್ ತೆಗೆಯುವಾಗ ವಿಕಿಯನ್ನು ಕೆಲಹೊತ್ತು ಓದಲು ಮಾತ್ರ ಬಿಟ್ಟು ತಿದ್ದುವುದನ್ನು ತಡೆಹಿಡಿಯುವುದು ಉತ್ತಮ. ಅಲ್ಲವಾದರೆ ದತ್ತಸಂಚಯದಲ್ಲಿರುವುದನ್ನು ಕಡತವಾಗಿ ಬರೆದಿಡುವ ಡಂಪ್ ಎಂಬ ಪ್ರತಿಯನ್ನು ತೆಗೆಯುವ ಆಜ್ಞೆಗೆ, ಆರಂಭದ ಕ್ಷಣದಲ್ಲಿದ್ದ ಸ್ಥಿತಿಯನ್ನೇ ಕೊನೆಯವರೆಗೂ ಕಾಣುವಂತೆ ನಿಯಮವಿಧಿಸಬೇಕು. ಹೀಗೆ ತೆಗೆದ ಡಂಪ್‌ನಲ್ಲಿ ಸದಸ್ಯರ ಖಾತೆಗಳೂ ಸೇರಿದಂತೆ ದತ್ತಸಂಚಯದಲ್ಲಿರುವ ಎಲ್ಲವೂ ಬರುತ್ತದೆ. ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ಡಂಪ್‌ನಲ್ಲಾದರೋ ಪುಟಗಳು ಮತ್ತು ಅವುಗಳ ಇತಿಹಾಸ ಮಾತ್ರ ಇರುತ್ತವೆ. ಅದು ತಂತ್ರಾಂಶದ ಆವೃತ್ತಿಯನ್ನು ಅಷ್ಟಾಗಿ ಅವಲಂಬಿಸದೆ ದೀರ್ಘಕಾಲ ಬಾಳುತ್ತದೆ. ವಿಕಿಪೀಡಿಯವನ್ನು ಪೋಷಿಸುವ ವಿಕಿಮೀಡಿಯ ಪ್ರತಿಷ್ಠಾನವು ತನ್ನ ವಿಕಿಗಳ ಇಂಥ ಡಂಪ್‌ಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿರುವುದರಿಂದ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸಮಗ್ರ ಪಾಠವನ್ನು ಯಾವ ವಿದ್ಯಾರ್ಥಿಯಾದರೂ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಒಬ್ಬರಲ್ಲಿ ಅಳಿದರೂ ಮತ್ತೊಬ್ಬರಲ್ಲಿ ಉಳಿಯಲೆಂಬ ಈ ಔದಾರ್ಯವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಕನ್ನಡದಲ್ಲಿ ವಿಕಿ ನಡೆಸುವವರು ವಿಶೇಷವಾಗಿ ಎಚ್ಚರವಹಿಸಬೇಕಾದ ಸಂಗತಿಯೊಂದುಂಟು. ಯುನಿಕೋಡಿನ ಯುಟಿಎಫ್-8 ಸಂಕೇತನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್‌ಗಳು ಬೇಕು. ‘ಕ್ಷ’ ಎಂಬ ಒತ್ತಕ್ಷರವು ಕಕಾರ, ಹಲಂತ, ಷಕಾರಗಳಿಂದಾದುದರಿಂದ ಅದಕ್ಕೆ ಒಂಬತ್ತು. ಡಂಪ್ ತೆಗೆಯುವ ಉಪಕರಣವು ಇವನ್ನು ಪಾಶ್ಚಾತ್ಯ ಲಿಪಿಯ ಬೈಟ್‌ಗಳೆಂದು ಭ್ರಮಿಸಿ ಮತ್ತೊಮ್ಮೆ ಸಂಕೇತಿಸಿದರೆ, ಮರಳಿ ತೆರೆದಾಗ ಪ್ರತಿಯೊಂದು ಚಿಹ್ನೆಯ ಸ್ಥಾನದಲ್ಲಿಯೂ ಮೂರು ವಿಚಿತ್ರ ಗುರುತುಗಳು ಕಾಣಿಸಿಕೊಳ್ಳುತ್ತವೆ: ಮೊದಲನೆಯದು ತಲೆಯ ಮೇಲೆ ಓರೆಗೆರೆಯುಳ್ಳ ರೋಮನ್ ‘ಎ’, ಎರಡನೆಯದು ಮೇಲಕ್ಕೇರಿಸಿದ ಪುಟ್ಟ 2 ಅಥವಾ 3, ಮೂರನೆಯದು ಅಕ್ಷರಕ್ಕೊಂದು ಬಗೆ. ಈ ವಿಕಾರವನ್ನು ಕಂಡವರು ಎದೆಗುಂದಬೇಕಾಗಿಲ್ಲ. ಬೈಟ್‌ಗಳು ನಾಶವಾಗದಿರುವುದರಿಂದ ಸಾಮಾನ್ಯವಾಗಿ ವಿಲೋಮಕ್ರಮದಲ್ಲಿ ಅದನ್ನು ಸರಿಪಡಿಸಬಹುದು. ಕನ್ನಡವನ್ನು ಹಿಡಿಸಲಾರದ ಸಂಕೇತನಕ್ಕೆ ಪಾಠವನ್ನು ಪರಿವರ್ತಿಸಿಬಿಟ್ಟಾಗ ಮಾತ್ರ ಪುಟದ ತುಂಬ ಪ್ರಶ್ನಚಿಹ್ನೆಗಳೇ ಉಳಿಯುತ್ತವೆ, ಮತ್ತು ಅವುಗಳಿಂದ ಕನ್ನಡವನ್ನು ಮರಳಿ ಪಡೆಯುವ ಉಪಾಯ ಯಾವುದೂ ಇಲ್ಲ. ಇಂಗ್ಲಿಷ್ ವಿಕಿಯ ಒಡೆಯನಿಗೆ ಈ ದೋಷವು ಇದ್ದರೂ ಕಣ್ಣಿಗೆ ಬೀಳದೆ ಹೋಗಬಹುದು. ಆಜ್ಞೆಯಲ್ಲಿ ಸಂಕೇತನವನ್ನು ಬೈನರಿ ಎಂದು ಸ್ಪಷ್ಟಪಡಿಸಿದರೆ ಉಪಕರಣವು ಬೈಟ್‌ಗಳನ್ನು ಇದ್ದಂತೆಯೇ ಸಾಗಿಸುತ್ತದೆ.

ಎರಡು ಸರ್ವರ್‌ಗಳಲ್ಲಿ ಏಕಕಾಲಕ್ಕೆ ಪ್ರತಿಯಿರುವ ಕಾರಣ ಬ್ಯಾಕಪ್ ಬೇಡವೆಂದು ಕೆಲವರು ಭಾವಿಸುವುದುಂಟು. ಇದು ಅಪಾಯಕರವಾದ ಭಾವನೆ. ಒಂದರಲ್ಲಿ ಅಳಿಸಿದುದು ಮರುಕ್ಷಣದಲ್ಲಿಯೇ ಮತ್ತೊಂದರಲ್ಲಿಯೂ ಅಳಿಯುತ್ತದೆ. ಬ್ಯಾಕಪ್ ಇದ್ದರೂ ಅದನ್ನು ಪರೀಕ್ಷಿಸದಿದ್ದರೆ ಏನಾದೀತೆಂಬುದಕ್ಕೆ, ತಂತ್ರಾಂಶ ಬರೆಯುವವರು ಬಳಸುವ ಗಿಟ್‌ಲ್ಯಾಬ್ ಸಂಸ್ಥೆಯು ತಾನೇ ಪ್ರಕಟಿಸಿದ ವರದಿಯು ನಿದರ್ಶನವಾಗಿದೆ. 2017ರ ಜನವರಿ 31ರಂದು ಅಲ್ಲಿಯ ತಂತ್ರಜ್ಞರೊಬ್ಬರು ಬದಲಿ ಸರ್ವರ್ ಎಂದು ತಿಳಿದು ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ಡಂಪ್ ತೆಗೆಯುವ ಉಪಕರಣದ ಆವೃತ್ತಿಯು ದತ್ತಸಂಚಯದ ಆವೃತ್ತಿಗೆ ಹೊಂದದಿದ್ದುದರಿಂದ ದೈನಂದಿನ ಡಂಪ್‌ಗಳು ವಿಫಲವಾಗುತ್ತಿದ್ದವು. ಆ ವೈಫಲ್ಯವನ್ನು ತಿಳಿಸಬೇಕಾಗಿದ್ದ ಮಿಂಚಂಚೆಗಳೂ ತಿರಸ್ಕೃತವಾಗಿ, ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಅನ್ಯ ಕಾರಣಕ್ಕಾಗಿ ಸುಮಾರು 6 ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ದೊರೆತುದರಿಂದ ಉಳಿದುದು ಉಳಿಯಿತು.

ಬ್ಯಾಕಪ್ಪನ್ನು ಪರೀಕ್ಷಿಸಲು ಮಾಡಬೇಕಾದ ಮರುಸ್ಥಾಪನೆಯ ಕ್ರಮವು ಹೀಗೆ. ಬೇರೆ ಯಂತ್ರವೊಂದರಲ್ಲಿ ಬರಿದಾದ ದತ್ತಸಂಚಯವನ್ನು ಸೃಷ್ಟಿಸಿ ಡಂಪ್ ಅನ್ನು ತುಂಬಿ, ಚಿತ್ರಕೋಶವನ್ನೂ ಸಂಯೋಜನಾ ಕಡತವನ್ನೂ ಯಥಾಸ್ಥಾನದಲ್ಲಿರಿಸಿ, ಮೊದಲು ಹಳೆಯ ಆವೃತ್ತಿಯ ತಂತ್ರಾಂಶದೊಡನೆಯೇ ವಿಕಿಯನ್ನು ಚಾಲನೆಗೆ ತಂದು, ಆಮೇಲೆ ಬೇಕಾದರೆ ಹೊಸ ಆವೃತ್ತಿಗೆ ಏರಿಸಬೇಕು. ತೀರ ಹಳೆಯದಾಗಿದ್ದರೆ ನಡುವಣ ಆವೃತ್ತಿಯೊಂದರಲ್ಲಿ ತಂಗಿ ಮುಂದುವರಿಯಬೇಕಾಗುತ್ತದೆ. ಎಕ್ಸ್‌ಎಂಎಲ್‌ನಿಂದ ತುಂಬಿದಾಗ, ಇತ್ತೀಚಿನ ಬದಲಾವಣೆಗಳ ಪಟ್ಟಿಯನ್ನು ಮೀಡಿಯಾವಿಕಿಯೊಡನೆಯೇ ಬರುವ ಆಜ್ಞೆಗಳಿಂದ ಮತ್ತೆ ಕಟ್ಟಬೇಕು. ಅನಂತರ ಒತ್ತಕ್ಷರಗಳು ಹೇರಳವಾಗಿರುವ ಪುಟವೊಂದನ್ನೂ, ಚಿತ್ರವಿರುವ ಪುಟವೊಂದನ್ನೂ ತೆರೆದು ನೋಡಿ, ಡಂಪ್ ಖಾತೆಗಳನ್ನೂ ಒಳಗೊಂಡಿದ್ದರೆ ಹಳೆಯ ಸದಸ್ಯರೊಬ್ಬರಿಂದ ಅವರದೇ ಗುಪ್ತಪದದೊಡನೆ ಲಾಗಿನ್ ಮಾಡಿಸಿ, ಬಹುಜನರು ತಿದ್ದಿದ ಲೇಖನವೊಂದರ ಮೊಟ್ಟಮೊದಲ ಪಾಠವನ್ನು ಮೂಲ ವಿಕಿಯಲ್ಲಿರುವುದರೊಡನೆ ಸಾಲುಸಾಲಾಗಿ ಹೋಲಿಸಬೇಕು.