ಎರಡು ಪರ್ಸೆಂಟ್ ಯಾಕಪ್ಪ?

ಬಿ.ಕಾಂ. ಮುಗಿಸಿ ಎಲ್ಲೂ ಕೆಲಸ ಸಿಗದೆ ಮೈಸೂರಿನ ರಿಯಲ್ ಎಸ್ಟೇಟ್ ಏಜೆಂಟರೊಬ್ಬರ ಬಳಿ ಸೇರಿಕೊಂಡೆ. ‘ಮಗ ಬ್ರೋಕರ್’ ಎನ್ನಲು ಅಪ್ಪನಿಗೆ ಮುಜುಗರ. ನೆಂಟರೆದುರು ‘ಕಂಪನಿಯಲ್ಲಿದ್ದಾನೆ’ ಎನ್ನುತ್ತಿದ್ದರು.

ಮೊದಲ ತಿಂಗಳೇ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: ‘ಸೈಟು ತೋರಿಸೋಕೆ ಎರಡು ಪರ್ಸೆಂಟಾ? ಬೋರ್ಡ್ ನೋಡಿ ನಾನೇ ಫೋನ್ ಮಾಡ್ತಿದ್ದೆ.’ ನನಗೂ ಒಳಗೊಳಗೇ ಹಾಗೇ ಅನಿಸಿತ್ತು!

ಅವರು ಮೆಚ್ಚಿದ ಸೈಟಿನ ಕಾಗದಗಳನ್ನು ಬಾಸ್ ನನ್ನ ಕೈಗಿಟ್ಟರು. ಮಾರುವವರು ಕೊಟ್ಟಿದ್ದು 13 ವರ್ಷದ ಇ.ಸಿ. ನಾನು 30 ವರ್ಷದ್ದು ತೆಗೆಸಿದೆ. ಸಾಲವಿಲ್ಲ, ತಕರಾರಿಲ್ಲ. ಖಾತೆ ಇಬ್ಬರು ಅಣ್ಣತಮ್ಮಂದಿರ ಹೆಸರಿನಲ್ಲಿ. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮದುವೆಯಾಗಿ ಹೋದ ಹೆಣ್ಣುಮಗಳು ಕಾಣುವುದಿಲ್ಲ. ವಂಶವೃಕ್ಷ ತರಿಸಿದಾಗ ತಂಗಿಯೊಬ್ಬಳು ಇರುವುದು ಗೊತ್ತಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಆಕೆಗೂ ಸಮಪಾಲು. ಹಕ್ಕು ಬಿಡುಗಡೆ ಪತ್ರವಂತೂ ಇರಲೇ ಇಲ್ಲ.

ಹೇಳಿದರೆ ನನ್ನ ಮೊದಲ ಕಮಿಷನ್ ಹೋಗುತ್ತದೆ. ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಮೇಷ್ಟ್ರ ಮನೆಗೇ ಹೋಗಿ ಹೇಳಿಬಿಟ್ಟೆ. ಕಮಿಷನ್ ಹೋಯಿತು, ಮಾರುವವರ ಬೈಗುಳ ಬೇರೆ.

ಈಗ ಮೊದಲ ಭೇಟಿಯಲ್ಲೇ ನಮ್ಮ ರೇರಾ ನೋಂದಣಿ ಸಂಖ್ಯೆ, ನಾವು ನೋಡುವ ಕಾಗದಗಳು, ಪಡೆಯುವ ಹಣ ಎಲ್ಲವನ್ನೂ ಬರೆದುಕೊಡುತ್ತೇನೆ. ‘ವಕೀಲರಿಗೂ ತೋರಿಸಿ, ಅವರ ಕೆಲಸ ನಾನು ಮಾಡಲಾರೆ’ ಎಂದೂ ಹೇಳುತ್ತೇನೆ. ಗೆಳೆಯರೇ, ಈ ಕೆಲಸಕ್ಕೆ ಬರುವುದಾದರೆ ಬೈಕ್ ಕೊಳ್ಳುವ ಮೊದಲು ಇ.ಸಿ. ಓದಲು ಕಲಿಯಿರಿ.

ಕಳೆದ ವಾರ ಮೇಷ್ಟ್ರು ಮತ್ತೆ ಫೋನ್ ಮಾಡಿದ್ದರು. ‘ಬೇರೆ ಸೈಟ್ ನೋಡಪ್ಪ. ಆದ್ರೆ ಒಂದೂವರೆ ಪರ್ಸೆಂಟ್!’