ಅಸೈನ್‌ಮೆಂಟ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಫೇಲಾ? ನಿಜ ಏನು?

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶಗಳು ಸುತ್ತತೊಡಗುತ್ತವೆ: “ಅಸೈನ್‌ಮೆಂಟ್‌ನಲ್ಲಿ ಶೇ. 10ಕ್ಕಿಂತ ಹೆಚ್ಚು ಹೋಲಿಕೆ ಬಂದರೆ ಯುಜಿಸಿ ನಿಯಮದಂತೆ ಫೇಲ್. ಎಲ್ಲರಿಗೂ ಕಳಿಸಿ.” ಬೆನ್ನಿಗೇ, ದುಡ್ಡು ಕೊಟ್ಟರೆ ಹೋಲಿಕೆಯನ್ನು ಸೊನ್ನೆಗೆ ಇಳಿಸಿಕೊಡುತ್ತೇವೆ ಎನ್ನುವವರ ನಂಬರೂ ಬರುತ್ತದೆ. ಹೆದರಿ ಹಣ ಕಳಿಸುವ ಮುನ್ನ ಇದನ್ನು ಓದಿ.

ಯುಜಿಸಿ ನಿಯಮ ಏನು ಹೇಳುತ್ತದೆ?

ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿದ್ದು ನಿಜ. ಆದರೆ ಅದು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಯ ಪ್ರಬಂಧಗಳಿಗೆ, ಪ್ರಕಟವಾಗುವ ಬರಹಗಳಿಗೆ ಅನ್ವಯಿಸುತ್ತದೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿ, ಉತ್ತರ ಪತ್ರಿಕೆಗಳನ್ನು ಅದರಿಂದ ಹೊರಗಿಡಲಾಗಿದೆ. ಇವುಗಳಿಗೆ ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯದ ನಿಯಮವೇ ಲೆಕ್ಕ.

ಪ್ರಬಂಧಗಳಲ್ಲೂ ಶೇ. 10 ದಾಟಿದ ಕೂಡಲೇ ಫೇಲ್ ಎಂದಿಲ್ಲ:

- ಶೇ. 10ರವರೆಗೆ: ದಂಡನೆ ಇಲ್ಲ.
- ಶೇ. 10ರಿಂದ 40: ಗರಿಷ್ಠ 6 ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು.
- ಶೇ. 40ರಿಂದ 60: 1 ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ.
- ಶೇ. 60 ಮೀರಿದರೆ: ಆ ಕೋರ್ಸಿನ ನೋಂದಣಿ ರದ್ದು.

ಮೂಲವನ್ನು ಹೆಸರಿಸಿ ಕೊಟ್ಟ ಉದ್ಧರಣೆ, ಆಕರಗಳ ಪಟ್ಟಿ, ಕಾನೂನು, ಸೂತ್ರಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆಕಸ್ಮಿಕವಾಗಿ ಸತತ 14 ಪದಗಳವರೆಗೆ ಹೊಂದಿಕೆಯಾದರೂ ಬಿಟ್ಟುಬಿಡಬೇಕು.

ಸಾಫ್ಟ್‌ವೇರ್ ಮಾಡುವುದೇನು?

ಅದು ನಿಮ್ಮ ಬರಹವನ್ನು ಕೆಲವು ಪದಗಳ ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಆ ತುಂಡುಗಳನ್ನು ವೆಬ್ ಪುಟಗಳು, ಪತ್ರಿಕಾ ಲೇಖನಗಳು ಮತ್ತು ಹಿಂದೆ ಸಲ್ಲಿಕೆಯಾದ ಬರಹಗಳ ಸಂಗ್ರಹದೊಂದಿಗೆ ಹೋಲಿಸಿ ನೋಡುತ್ತದೆ. 1000 ಪದಗಳಲ್ಲಿ 150 ಪದ ಹೊಂದಿಕೆಯಾದರೆ ‘ಶೇ. 15’ ಎಂದು ತೋರಿಸುತ್ತದೆ, ಅಷ್ಟೇ. ಕದ್ದಿದ್ದು ಯಾವುದು, ಸಹಜವಾಗಿ ಒಂದೇ ರೀತಿ ಬಂದಿದ್ದು ಯಾವುದು ಎಂಬುದು ಅದಕ್ಕೆ ತಿಳಿಯದು.

“ಭಾರತದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು” ಎಂಬುದನ್ನು ಎಷ್ಟು ಬಗೆಯಲ್ಲಿ ಬರೆಯಲು ಸಾಧ್ಯ? ಇಡೀ ತರಗತಿ ಬರೆದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಇಂಥ ಸಾಲುಗಳು, ಅಸೈನ್‌ಮೆಂಟಿನ ಪ್ರಶ್ನೆಗಳು, ಪುಸ್ತಕಗಳ ಹೆಸರುಗಳು ಸೇರಿಯೇ ಹೋಲಿಕೆ ಶೇ. 20 ಆಗಬಹುದು. ಅದರಲ್ಲಿ ತಪ್ಪಿಲ್ಲ. ಇನ್ನೊಬ್ಬರ ವರದಿಯಲ್ಲಿ ಬರೀ ಶೇ. 6 ಇದ್ದು, ಅದಷ್ಟೂ ಒಂದೇ ವೆಬ್‌ಸೈಟಿನಿಂದ ಹೆಸರು ಹೇಳದೆ ಎತ್ತಿದ ಪ್ಯಾರಾ ಆಗಿದ್ದರೆ ಅದು ಕೃತಿಚೌರ್ಯವೇ.

ಸೊನ್ನೆ ಬಂದರೆ ನಿಶ್ಚಿಂತೆಯೇ?

ಅಲ್ಲ. ಇಂಗ್ಲಿಷ್ ಲೇಖನವನ್ನು ಹಾಗೇ ಕನ್ನಡಕ್ಕೆ ತಂದು ತನ್ನದೆಂದು ಕೊಟ್ಟರೆ ಪದ ಹೋಲಿಸುವ ಸಾಫ್ಟ್‌ವೇರ್‌ಗೆ ಅದು ಸಿಗದೇ ಹೋಗಬಹುದು. ಆದರೂ ಅದು ಬೇರೆಯವರ ಶ್ರಮವೇ. ದುಡ್ಡು ಪಡೆದು ಹೋಲಿಕೆ ಇಳಿಸುವವರು ಹೆಚ್ಚಾಗಿ ಮಾಡುವುದೂ ಪದ ಬದಲಿಸುವ ಕೆಲಸವನ್ನೇ. ಅರ್ಥ ಕೆಟ್ಟ ವಾಕ್ಯಗಳು ಪಾಠ ಹೇಳಿದ ಮೇಷ್ಟ್ರ ಕಣ್ಣಿಗೆ ತಕ್ಷಣ ಬೀಳುತ್ತವೆ. ಅಲ್ಲದೆ, ಗೊತ್ತಿಲ್ಲದವರಿಗೆ ಕಳಿಸಿದ ನಿಮ್ಮ ಬರಹ ಇನ್ನೊಬ್ಬರ ಹೆಸರಿನಲ್ಲಿ ಮೊದಲೇ ಸಲ್ಲಿಕೆಯಾದರೆ, ಕಾಪಿ ಹೊಡೆದವರು ನೀವೇ ಎಂಬಂತೆ ಕಾಣುತ್ತದೆ.

ನೀವು ಏನು ಮಾಡಬೇಕು?

- ಸಂಖ್ಯೆಯೊಂದನ್ನೇ ನೋಡಬೇಡಿ. ಪೂರ್ತಿ ವರದಿ ಕೇಳಿ ಪಡೆದು, ಬಣ್ಣ ಹಚ್ಚಿದ ಸಾಲುಗಳನ್ನು ಒಂದೊಂದಾಗಿ ಓದಿ.
- ಬೇರೆಯವರ ಮಾತನ್ನು ಹಾಗೇ ಬಳಸಿದ್ದರೆ ಉದ್ಧರಣ ಚಿಹ್ನೆ ಹಾಕಿ, ಮೂಲ ಹೆಸರಿಸಿ.
- ಓದಿದ ಪುಟ ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಆಗಲೂ ವಿಚಾರ ಯಾರದೆಂದು ಹೇಳಿ.
- ಟಿಪ್ಪಣಿ, ಕರಡು ಪ್ರತಿಗಳನ್ನು ಇಟ್ಟುಕೊಳ್ಳಿ. ಅನುಮಾನ ಬಂದರೆ ನಿಮ್ಮ ಕೆಲಸಕ್ಕೆ ಅವೇ ಸಾಕ್ಷಿ.

ಕೊನೆಯ ಮಾತು: “ಶೇ. 10 ಮೀರಿದರೆ ಯುಜಿಸಿ ನಿಯಮದಂತೆ ಫೇಲ್” ಎಂಬ ಸಂದೇಶ ತಪ್ಪು. ಸಾಫ್ಟ್‌ವೇರ್ ಹೋಲಿಕೆ ತೋರಿಸುತ್ತದೆ, ಅದು ಕಳ್ಳತನವೋ ಅಲ್ಲವೋ ಎಂದು ಓದಿ ನಿರ್ಧರಿಸಬೇಕಾದವರು ಮನುಷ್ಯರು. ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.